ಗಾಡಿಯ ದನಿ ಯಾರದು?

ನಮ್ಮ ಯಾದಗಿರಿಯ ಕಡೆ ಕೆಲವು ವಾಹನಗಳಿಗೆ ಅವುಗಳ ಸದ್ದೇ ಹೆಸರಾಗಿದೆ. ಮೂರು ಗಾಲಿಯ ಬಾಡಿಗೆ ಮೋಟಾರಿಗೆ ಇಲ್ಲಿಯ ಜನ ‘ಟಂಟಂ’ ಎನ್ನುತ್ತಾರೆ. ಅದನ್ನು ಮಾಡಿದ ಕಂಪನಿ ಇಟ್ಟ ಹೆಸರು ಬೇರೆ, ಸರ್ಕಾರದ ಕಾಗದದಲ್ಲಿರುವ ಹೆಸರು ಬೇರೆ. ಆದರೆ ಶಹಾಪುರದ ಬಸ್ ನಿಲ್ದಾಣದ ಮುಂದಿರಲಿ, ಸುರಪುರದ ಸಂತೆಯ ದಾರಿಯಲ್ಲಿರಲಿ, ಅದನ್ನು ಹತ್ತುವವರಿಗೂ ನಡೆಸುವವರಿಗೂ ಬಾಯಿಗೆ ಬರುವ ಹೆಸರು ಇದೊಂದೇ. ಪತ್ರಿಕೆಗಳಿಗೆ ಸುದ್ದಿ ಬರೆಯುವವರೂ ‘ಟಂಟಂ ಉರುಳಿತು’ ಎಂದೇ ಬರೆಯುತ್ತಾರೆ. ಮೋಟಾರು ಸೈಕಲ್ಲನ್ನು ಹಿರಿಯರು ಇಂದಿಗೂ ‘ಫಟಫಟಿ’ ಎನ್ನುವುದುಂಟು. ಹೊರಗಿನಿಂದ ಬಂದವರು ಈ ಮಾತುಗಳನ್ನು ಕೇಳಿ ನಗುತ್ತಾರೆ. ಒಂದು ವಾರ ಇಲ್ಲಿದ್ದರೆ ತಾವೂ ಅದನ್ನೇ ಹೇಳಲು ತೊಡಗುತ್ತಾರೆ.

ಹೀಗೆ ಸದ್ದಿನಿಂದ ಹೆಸರು ಹುಟ್ಟುವುದು ಕನ್ನಡಕ್ಕೆ ಹೊಸದಲ್ಲ. 13ನೆಯ ಶತಮಾನದ ಕೇಶಿರಾಜನು ತನ್ನ ‘ಶಬ್ದಮಣಿದರ್ಪಣ’ದಲ್ಲಿ ಅನುಕರಣ ಶಬ್ದಗಳಿಗೂ ಸ್ಥಾನ ಕೊಟ್ಟಿದ್ದಾನೆ. ಚಟಚಟ, ದಬದಬ, ಗುಳುಗುಳು ಎಂಬ ಮಾತುಗಳನ್ನು ತರಗತಿಯಲ್ಲಿ ವಿವರಿಸುವಾಗ ನಾನು ಟಂಟಂ, ಫಟಫಟಿಗಳನ್ನೂ ಅವುಗಳ ಪಕ್ಕದಲ್ಲಿ ಬರೆಯುತ್ತೇನೆ. ಹುಡುಗರಿಗೆ ವ್ಯಾಕರಣ ತಮ್ಮ ಬೀದಿಗೆ ಬಂದಂತಾಗುತ್ತದೆ. ಅನುಕರಣವೆಂದರೆ ಕಿವಿ ಕೇಳಿದ್ದನ್ನು ನಾಲಗೆ ಮರಳಿ ಹೇಳುವುದು. ಇಲ್ಲಿ ಕೇಳಿದವನು ಯಾರು ಎಂಬುದನ್ನು ಗಮನಿಸಬೇಕು. ಗಾಡಿಯನ್ನು ಕೊಂಡವನು ಅದರ ಬೆಲೆ, ಬಣ್ಣ, ಎಣ್ಣೆಯ ಖರ್ಚು ಇವನ್ನು ನೋಡಿ ಕೊಂಡಿರುತ್ತಾನೆ. ಅದಕ್ಕೆ ಟಂಟಂ ಎಂದು ಹೆಸರಿಟ್ಟವನು ದಾರಿಯ ಬದಿಯಲ್ಲಿ ನಿಂತವನು. ಗಾಡಿಯ ಮೇಲೆ ಅವನಿಗೆ ಯಾವ ಹಕ್ಕೂ ಇಲ್ಲ, ಅದರ ಸದ್ದು ಮಾತ್ರ ಅವನ ಪಾಲಿಗೆ ಬಂದಿದೆ.

ಹಾಗಾದರೆ ಗಾಡಿಯ ದನಿ ಯಾರದು? ತಯಾರಿಸಿದವನದೆ, ಒಡೆಯನದೆ, ಕೇಳಿಸಿಕೊಳ್ಳುವವನದೆ? ಕೆಲವು ವರ್ಷಗಳ ಹಿಂದೆ ಇದು ಬರಿಯ ವಿನೋದದ ಪ್ರಶ್ನೆಯಾಗಿತ್ತು. ಈಗ ಬ್ಯಾಟರಿಯ ಗಾಡಿಗಳು ಸದ್ದಿಲ್ಲದೆ ಓಡಾಡಲು ತೊಡಗಿವೆ. ಅವುಗಳಿಗೆ ದನಿ ಕೊಡಬೇಕೆ, ಕೊಟ್ಟರೆ ಎಂಥ ದನಿ, ಎಂದು ಸರ್ಕಾರಗಳು ನಿಯಮ ಬರೆಯುತ್ತಿವೆ. ಇನ್ನೊಂದು ಕಡೆ ಇದ್ದ ದನಿ ಸಾಲದೆಂದು ಸೈಲೆನ್ಸರ್ ಕಿತ್ತೆಸೆಯುವ ತರುಣರಿದ್ದಾರೆ. ಆದ್ದರಿಂದ ಇದನ್ನು ಸ್ವಲ್ಪ ನಿಧಾನವಾಗಿ ವಿಚಾರಿಸುವುದು ಒಳ್ಳೆಯದು.

ಮೊದಲು, ಒಂದೊಂದು ಗಾಡಿಗೆ ಒಂದೊಂದು ದನಿ ಏಕೆ ಎಂಬುದನ್ನು ನೋಡೋಣ. ಎಂಜಿನಿನೊಳಗೆ ನಡೆಯುವುದು ಒಂದರ ಹಿಂದೊಂದು ಸಣ್ಣ ಸ್ಫೋಟ. ಫೋರ್ ಸ್ಟ್ರೋಕ್ ಎಂಜಿನಿನಲ್ಲಿ ಒಂದು ಸಿಲಿಂಡರು ಎರಡು ಸುತ್ತಿಗೊಮ್ಮೆ ಸಿಡಿಯುತ್ತದೆ. ಟೂ ಸ್ಟ್ರೋಕ್ ಎಂಜಿನಿನಲ್ಲಿ ಸುತ್ತುಸುತ್ತಿಗೂ ಸಿಡಿಯುತ್ತದೆ. ಮದರಾಸಿನಲ್ಲಿ 1955ರಲ್ಲಿ ನೆಲೆಯೂರಿದ ಎನ್‌ಫೀಲ್ಡ್ ಕಂಪನಿಯ ಹಳೆಯ ಬುಲೆಟ್ಟನ್ನು ತೆಗೆದುಕೊಳ್ಳಿ. ಅದಕ್ಕೆ ಇದ್ದುದು ಒಂದೇ ಸಿಲಿಂಡರು, 346 ಸಿಸಿ. ಅದರ ಅಗಲ 70 ಮಿಲಿಮೀಟರಾದರೆ ಕೊಂತ ಓಡುವ ಉದ್ದ 90 ಮಿಲಿಮೀಟರು. ಜೊತೆಗೆ ಭಾರವಾದ ಚಕ್ರ. ಹೀಗಾಗಿ ಅದು ಅವಸರಪಡುವ ಯಂತ್ರವಲ್ಲ. ನಿಂತಲ್ಲಿ ನಿಮಿಷಕ್ಕೆ ಸುಮಾರು 1000 ಸುತ್ತು ತಿರುಗಿದರೆ 500 ಸಲ ಸಿಡಿಯುತ್ತದೆ, ಎಂದರೆ ಸೆಕೆಂಡಿಗೆ ಎಂಟು. ಸೆಕೆಂಡಿಗೆ ಇಪ್ಪತ್ತರೊಳಗಿನ ಪೆಟ್ಟುಗಳನ್ನು ನಮ್ಮ ಕಿವಿ ಬಿಡಿಬಿಡಿಯಾಗಿ ಎಣಿಸಬಲ್ಲದು. ಅದಕ್ಕೂ ಹೆಚ್ಚಾದರೆ ಪೆಟ್ಟುಗಳು ಕೂಡಿಕೊಂಡು ಒಂದು ಸ್ವರವಾಗುತ್ತವೆ. ನಾಲ್ಕು ಸಿಲಿಂಡರಿನ ಕಾರು ನಿಮಿಷಕ್ಕೆ 3000 ಸುತ್ತಿನಲ್ಲಿ ಸೆಕೆಂಡಿಗೆ ನೂರು ಸಲ ಸಿಡಿಯುತ್ತದೆ. ಆದ್ದರಿಂದ ಕಾರು ಗುಂಯ್ಯೆನ್ನುತ್ತದೆ, ಬುಲೆಟ್ಟು ಡುಗ್ ಡುಗ್ ಎನ್ನುತ್ತದೆ. ಒಂದು ಹಾಡಿನಂತೆ, ಇನ್ನೊಂದು ನಡಿಗೆಯಂತೆ ಕೇಳಿಸುವುದಕ್ಕೆ ಕಾರಣ ಇಷ್ಟೇ.

ಟಂಟಮ್ಮಿನ ಲೆಕ್ಕವೂ ಇಂಥದೇ. ಅದರಲ್ಲಿ ಬಹುಕಾಲ ಇದ್ದುದು ಒಂದೇ ಸಿಲಿಂಡರಿನ ಡೀಸೆಲ್ ಎಂಜಿನು. ಡೀಸೆಲ್ಲಿಗೆ ಕಿಡಿ ಹೊತ್ತಿಸುವ ಪ್ಲಗ್ಗು ಬೇಡ. ಗಾಳಿಯನ್ನು ಇಪ್ಪತ್ತನೆಯ ಒಂದು ಪಾಲಿನಷ್ಟಕ್ಕೆ ಒತ್ತಿ ಕಾಯಿಸಿದಾಗ ಅದರೊಳಕ್ಕೆ ಚಿಮ್ಮಿದ ಎಣ್ಣೆ ತಾನಾಗಿ ಹತ್ತಿಕೊಳ್ಳುತ್ತದೆ. ಒತ್ತಡ ಒಮ್ಮೆಗೇ ಏರುವುದರಿಂದ ಸುತ್ತಿಗೆಯಿಂದ ಹೊಡೆದಂಥ ಗಡಸು ಸದ್ದು. ಹಗುರವಾದ ತಗಡಿನ ಮೈ ಅದನ್ನು ಇನ್ನಷ್ಟು ಕುಣಿಸುತ್ತದೆ. ಮೈಸೂರಿನಲ್ಲಿ 1961ರಿಂದ ತಯಾರಾಗುತ್ತಿದ್ದ ಜಾವಾ ಗಾಡಿಯದು ಬೇರೊಂದು ಕಥೆ. ಸಿಲಿಂಡರು ಒಂದೇ ಆದರೂ ಹೊಗೆ ಹೋಗಲು ಎರಡು ಕೊಳವೆ, ಅದರ ಮೇಲೆ ಟೂ ಸ್ಟ್ರೋಕ್, ಸಿಡಿತ ಇಮ್ಮಡಿ. ಅದರ ತಮ್ಮನಾದ ಯೆಜ್ದಿಯೂ ಹಾಗೆಯೇ. ಆ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಹಳೆಯ ಯೆಜ್ದಿಯೊಂದು ಬೀದಿಯಲ್ಲಿ ಹಾದರೆ ಐವತ್ತು ದಾಟಿದವರು ಇಂದಿಗೂ ತಿರುಗಿ ನೋಡುತ್ತಾರೆ.

ಇನ್ನು ರೈಲು. ಶಹಾಪುರಕ್ಕೂ ಸುರಪುರಕ್ಕೂ ರೈಲಿಲ್ಲ. ಆ ಭಾಗ್ಯ ಯಾದಗಿರಿಯದು. ಮುಂಬಯಿಯ ಕಡೆಯಿಂದ ಬಂದ ಹಳಿಯೂ ಮದರಾಸಿನ ಕಡೆಯಿಂದ ಬಂದ ಹಳಿಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಅಂದಿನಿಂದ ನಮ್ಮ ಊರು ಆ ಹೆದ್ದಾರಿಯ ಮೇಲಿದೆ. ಮೊದಲು ಹಳಿಗಳನ್ನು ತುಂಡುತುಂಡಾಗಿ ಜೋಡಿಸುತ್ತಿದ್ದರು. ಬಿಸಿಲಿಗೆ ಉಕ್ಕು ಹಿಗ್ಗುವುದಕ್ಕೆಂದು ನಡುವೆ ಸಂದು ಬಿಡುತ್ತಿದ್ದರು. ಗಾಲಿ ಸಂದನ್ನು ದಾಟಿದಾಗ ಖಟ್ ಎನ್ನುತ್ತಿತ್ತು. 13 ಮೀಟರು ಉದ್ದದ ಹಳಿಯಾದರೆ ಒಂದು ಗಾಲಿ 47 ಸೆಕೆಂಡಿನಲ್ಲಿ ಎಷ್ಟು ಸಲ ಖಟ್ ಎಂದಿತೋ ಅಷ್ಟೇ ಕಿಲೋಮೀಟರು ರೈಲಿನ ವೇಗ. ಬೇಕಾದವರು ಗುಣಿಸಿ ನೋಡಬಹುದು. ಈಗ ಹಳಿಗಳನ್ನು ಬೆಸೆದು ಉದ್ದ ಮಾಡಿದ್ದಾರೆ. ಪ್ರಯಾಣ ಹಿತವಾಗಿದೆ, ಹಳಿಯ ಆಯುಸ್ಸೂ ಹೆಚ್ಚಿದೆ, ಆ ತಾಳ ಮಾತ್ರ ಹೋಗಿದೆ.

ಇವುಗಳಲ್ಲಿ ಯಾವ ದನಿಯನ್ನೂ ಯಾರೂ ಕಿವಿಗೆ ಇಂಪಾಗಲೆಂದು ಮಾಡಿದ್ದಲ್ಲ. ಕೊಂತದ ಉದ್ದ, ಹಳಿಯ ಸಂದು, ತಗಡಿನ ದಪ್ಪ, ಇವುಗಳ ಕೂಟದಿಂದ ತಾನಾಗಿ ಹುಟ್ಟಿದ್ದು. ಕಮ್ಮಾರನ ಕುಲುಮೆಗೆ ಒಂದು ಸದ್ದು, ನೇಕಾರನ ಮಗ್ಗಕ್ಕೆ ಒಂದು ಸದ್ದು ಇರುವಂತೆ ಇದು ಕೆಲಸದ ಸದ್ದು. ಕೆಲಸದ ಸದ್ದಿಗೆ ಒಂದು ಗುಣವುಂಟು: ಅದು ಸುಳ್ಳು ಹೇಳಲಾರದು. ಒಳಗೆ ಏನು ನಡೆಯುತ್ತಿದೆಯೋ ಅದೇ ಹೊರಗೆ ಕೇಳಿಸುತ್ತದೆ. ನಮ್ಮೂರಿನ ಮೆಕ್ಯಾನಿಕ್ಕು ಗಾಡಿಗೆ ಕೈಹಚ್ಚುವ ಮೊದಲು ‘ಚಾಲೂ ಮಾಡ್ರಿ’ ಎಂದು ತಲೆ ಓರೆಮಾಡಿ ಕೇಳುತ್ತಾನೆ. ವೈದ್ಯನು ನಾಡಿ ಹಿಡಿದಂತೆ ಅವನು ಸದ್ದು ಹಿಡಿಯುತ್ತಾನೆ. ಗಾಡಿಯ ಒಡೆಯ ಹೇಳಿದ್ದನ್ನು ನಂಬದಿದ್ದರೂ ಎಂಜಿನು ಹೇಳಿದ್ದನ್ನು ಅವನು ನಂಬುತ್ತಾನೆ.

ನಮ್ಮ ಹಿಂದಿನವರು ಇದನ್ನು ಬಲ್ಲವರಾಗಿದ್ದರು. ಭಾರತದ ವಿರಾಟಪರ್ವದಲ್ಲಿ ಗೋಗ್ರಹಣದ ಸಮಯಕ್ಕೆ ಬರುತ್ತಿರುವ ರಥದ ಘೋಷವನ್ನು ಕೇಳಿಯೇ ದ್ರೋಣನು ಇವನು ಅರ್ಜುನನೆಂದು ತಿಳಿಯುತ್ತಾನೆ. ವನಪರ್ವದ ನಳೋಪಾಖ್ಯಾನದಲ್ಲಿ ಇದಕ್ಕಿಂತ ಸೂಕ್ಷ್ಮವಾದ ಸನ್ನಿವೇಶವಿದೆ. ನಳನು ರೂಪಗೆಟ್ಟು ಬಾಹುಕನೆಂಬ ಸಾರಥಿಯಾಗಿ ಋತುಪರ್ಣನ ರಥವನ್ನು ಕುಂಡಿನಪುರಕ್ಕೆ ಓಡಿಸಿಕೊಂಡು ಬರುತ್ತಾನೆ. ರಥದ ಗುಡುಗನ್ನು ಕೇಳಿದ ಕೂಡಲೆ ದಮಯಂತಿಯ ಎದೆ ಹಿಗ್ಗುತ್ತದೆ; ಈ ಬಗೆಯಲ್ಲಿ ರಥ ನಡೆಸಬಲ್ಲವನು ನಳನೊಬ್ಬನೇ. ಲಾಯದಲ್ಲಿದ್ದ ನಳನ ಹಳೆಯ ಕುದುರೆಗಳೂ ಆ ಸದ್ದಿಗೆ ನಲಿಯುತ್ತವೆ. ಆದರೆ ಕೆಳಗಿಳಿದವನು ಕುರೂಪಿಯಾದ ಬಾಹುಕ. ಆಗ ಅವಳು ಸಂದೇಹಪಡುತ್ತಾಳೆ: ನಳನ ವಿದ್ಯೆಯನ್ನು ಬೇರೆ ಯಾರಾದರೂ ಕಲಿತಿರಬಹುದೆ? ಕಿವಿಯೇ ಸಾಕೆಂದು ಸುಮ್ಮನಾಗದೆ ಅವನನ್ನು ಮತ್ತೆ ಮತ್ತೆ ಪರೀಕ್ಷಿಸುತ್ತಾಳೆ. ಕನಕದಾಸರ ‘ನಳಚರಿತ್ರೆ’ಯಿಂದ ಈ ಕಥೆ ಕನ್ನಡದ ಮನೆಮನೆಗೂ ಬಂದದ್ದು.

ಈ ಕಥೆಯಲ್ಲಿ ಒಂದು ವಿವೇಕವಿದೆ ಎಂದು ನನಗೆ ತೋರುತ್ತದೆ. ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಸದ್ದಿನಿಂದ ಗಾಡಿಯನ್ನು ಊಹಿಸುತ್ತೇವೆ. ನಮ್ಮ ತಾರ್ಕಿಕರು ಇದಕ್ಕೆ ಅನುಮಾನ ಪ್ರಮಾಣವೆಂದು ಹೆಸರಿಟ್ಟರು. ಸದ್ದು ಯಂತ್ರದ ಮಾತು ಹೇಳುತ್ತದೆ, ನಡೆಸುವ ಕೈಯ ಮಾತನ್ನೂ ಹೇಳುತ್ತದೆ. ಇಷ್ಟು ಹೇಳುವುದರಿಂದಲೇ ಅದು ಬೇಕಾದದ್ದು, ದಾರಿಯ ಮೇಲೆ ಅದನ್ನೇ ನಂಬಿ ನಡೆಯುವವರು ಇರುವುದರಿಂದ.

ನಂಬಿ ನಡೆಯುವವರೆಂದು ನಾನು ಅಲಂಕಾರಕ್ಕಾಗಿ ಹೇಳಿದ್ದಲ್ಲ. ಕೆಲವು ವರ್ಷಗಳ ಹಿಂದೆ ಬಿ.ಎ. ತರಗತಿಯಲ್ಲಿ ನನಗೆ ಕಣ್ಣಿಲ್ಲದ ಒಬ್ಬ ವಿದ್ಯಾರ್ಥಿಯಿದ್ದ. ಸುರಪುರದ ಕಡೆಯ ಹಳ್ಳಿಯವನು. ದಿನವೂ ಬಸ್ಸಿಳಿದು ಕೋಲು ಹಿಡಿದು ಒಬ್ಬನೇ ಕಾಲೇಜಿಗೆ ಬರುತ್ತಿದ್ದ. ಯಾವ ಮೂಲೆಯಲ್ಲಿ ಟಂಟಂಗಳು ನಿಲ್ಲುತ್ತವೆ, ಎಲ್ಲಿ ಲಾರಿ ಗೇರು ಬದಲಿಸುತ್ತದೆ, ಭೀಮಾ ಸೇತುವೆಯ ಮೇಲೆ ಬಸ್ಸಿನ ಸದ್ದು ಹೇಗೆ ಪೊಳ್ಳಾಗುತ್ತದೆ, ಎಲ್ಲವೂ ಅವನಿಗೆ ಬಾಯಿಪಾಠ. ಒಂದು ದಿನ ರಸ್ತೆ ದಾಟುವಾಗ ಜೊತೆಗಿದ್ದೆ. ಭಾರಿ ಸದ್ದು ಮಾಡುತ್ತ ಬುಲೆಟ್ಟೊಂದು ಬಂತು. ನಾನೇ ಹಿಂದೆ ಸರಿದೆ, ಅವನು ಸರಿಯಲಿಲ್ಲ.

‘ಬುಲೆಟ್ ಬಂದ್ರ ನನಗ ಅಂಜಿಕಿಲ್ರಿ ಸರ್’ ಎಂದ. ‘ಅದು ಅಷ್ಟು ದೂರ ಇದ್ದಾಗೇ ಗೊತ್ತಾಗ್ತದ. ಈ ಬ್ಯಾಟರಿ ಗಾಡಿ ಅದಾವಲ್ರಿ, ಅವು ಬಾಜೂಕ ಬಂದು ನಿಂತ ಮ್ಯಾಲೇ ಗೊತ್ತಾಗೋದು. ಅವುಕ್ಕ ಅಂಜಿಕಿ.’

ಅವನ ಮಾತನ್ನು ನಾನು ಬಹಳ ಸಲ ನೆನೆದಿದ್ದೇನೆ. ಕಣ್ಣುಳ್ಳವರಿಗೆ ಯಾವ ಸದ್ದು ಪೀಡೆಯೋ ಅದೇ ಅವನಿಗೆ ರಕ್ಷೆ. ನಮಗೆ ಯಾವ ನಿಶ್ಶಬ್ದ ಹಿತವೋ ಅದೇ ಅವನಿಗೆ ಅಪಾಯ. ಆದರೆ ಇಷ್ಟರಿಂದ ಸದ್ದು ಹೆಚ್ಚಿದಷ್ಟೂ ಒಳ್ಳೆಯದೆಂದು ತೀರ್ಮಾನಿಸುವ ಹಾಗಿಲ್ಲ. ಅದೇ ಹುಡುಗ ಇನ್ನೊಂದನ್ನೂ ಹೇಳಿದ. ಮದುವೆಯ ಮೆರವಣಿಗೆಯ ಟ್ರ್ಯಾಕ್ಟರು, ಆಳೆತ್ತರದ ಪೆಟ್ಟಿಗೆಗಳನ್ನು ಕಟ್ಟಿಕೊಂಡು ಹಾಡು ಹಾಕುತ್ತ ಹೋಗುವಾಗ ಅವನು ಗೋಡೆಗೆ ಒರಗಿ ನಿಂತುಬಿಡುತ್ತಾನಂತೆ. ಆ ಅಬ್ಬರದಲ್ಲಿ ಬೇರೆ ಗಾಡಿಗಳೆಲ್ಲ ಮುಳುಗಿಹೋಗುತ್ತವೆ. ಅವನ ಪಾಲಿಗೆ ಬೀದಿಯೇ ಕತ್ತಲಾಗುತ್ತದೆ. ನಿಶ್ಶಬ್ದವೂ ಅವನನ್ನು ಕುರುಡು ಮಾಡುತ್ತದೆ, ಅಬ್ಬರವೂ ಕುರುಡು ಮಾಡುತ್ತದೆ.

ನಮ್ಮ ಮುತ್ಯಾನ ಚಕ್ಕಡಿಯ ನೆನಪು ಇಲ್ಲಿ ಬರುತ್ತದೆ. ನಾನು ಚಿಕ್ಕವನಾಗಿದ್ದಾಗ, ಎಂದರೆ 1980ರ ದಶಕದಲ್ಲಿ, ಎರೆ ಹೊಲದಿಂದ ಹತ್ತಿ ಹೇರಿಕೊಂಡು ಬರುತ್ತಿದ್ದ ಬಂಡಿ ಅದು. ಗಾಲಿ ಕಿರ್ರೆಂದರೆ ಅವನಿಗೆ ಆಗುತ್ತಿರಲಿಲ್ಲ. ‘ಗಾಲಿ ಒದರಿತಂದ್ರ ಎತ್ತಿಗಿ ಭಾರ ಆಗ್ಯದಂತ ತಿಳೀರೋ’ ಎನ್ನುತ್ತಿದ್ದ. ಕೀಲು ತೆಗೆಸಿ ಎಣ್ಣೆ ಹಾಕಿಸಿಯೇ ಮುಂದಿನ ಮಾತು. ಆದರೆ ಅದೇ ಮುತ್ಯಾ ಎತ್ತುಗಳ ಕೊರಳಿಗೆ ಗೆಜ್ಜೆಸರ ಕಟ್ಟದೆ ಕತ್ತಲಲ್ಲಿ ಬಂಡಿ ಹೂಡುತ್ತಿರಲಿಲ್ಲ. ತಿಂಥಣಿಯ ಮೌನೇಶ್ವರನ ಜಾತ್ರೆಗೆ ಸಾಲುಬಂಡಿಗಳು ಹೋಗುವಾಗ ಮುಂದಿನ ಬಂಡಿಯ ಗೆಜ್ಜೆ ಹಿಂದಿನ ಬಂಡಿಗೆ ದಾರಿ ತೋರಿಸುತ್ತಿತ್ತು. ಬೇಡದ ಸದ್ದನ್ನು ಎಣ್ಣೆ ಹಾಕಿ ನಿಲ್ಲಿಸುವುದು, ಬೇಕಾದ ಸದ್ದನ್ನು ಹಣ ಕೊಟ್ಟು ಕಟ್ಟುವುದು: ಶಾಲೆ ಕಾಣದ ಒಕ್ಕಲಿಗನಿಗೆ ಈ ಎರಡರ ಭೇದ ಚೆನ್ನಾಗಿ ತಿಳಿದಿತ್ತು. ಗೆಜ್ಜೆ ಬಂಡಿಯ ಸಹಜವಾದ ಸದ್ದಲ್ಲ, ಮೇಲೆ ಕಟ್ಟಿದ್ದು. ಆದರೂ ಅದನ್ನು ಸುಳ್ಳೆಂದು ಯಾರೂ ಹೇಳಲಿಲ್ಲ. ‘ಇಲ್ಲಿ ಎತ್ತು ಬರುತ್ತಿದೆ’ ಎಂದು ಅದು ಹೇಳುತ್ತಿತ್ತು, ಎತ್ತು ಬರುತ್ತಲೂ ಇತ್ತು.

ಈಗ ಮೆರೆತದ ಸದ್ದಿನ ಮಾತಿಗೆ ಬರೋಣ. ಶಹಾಪುರದಲ್ಲಿ ಇತಿಹಾಸ ಪಾಠ ಹೇಳುವ ನನ್ನ ಸ್ನೇಹಿತರೊಬ್ಬರು ಬುಲೆಟ್ಟಿನ ಭಕ್ತರು. ಹಳೆಯ ಕಬ್ಬಿಣದ ಎಂಜಿನು ಹೋಗಿ 2010ರ ಸುಮಾರಿಗೆ ಹೊಸ ಎಂಜಿನು ಬಂದಾಗ ಸದ್ದು ಕೆಟ್ಟಿತೆಂದು ಮರುಗಿದವರು. ಒಂದು ಸಂಜೆ, ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಬೆಟ್ಟದ ಕೆಳಗೆ ಚಹ ಕುಡಿಯುತ್ತ ಈ ವಿಷಯವೇ ಬಂತು.

‘ಹಕ್ಕಿಗಿ ಬಾಯಿ ಕಟ್ಟು ಅಂದಂಗಾತ್ರಿ ನಿಮ್ಮ ಮಾತು’ ಎಂದರು. ‘ನಾ ಸೈಲೆನ್ಸರ್ ಬದಲಿ ಮಾಡಿಲ್ಲ. ಕಂಪನಿ ಕೊಟ್ಟ ಸದ್ದೇ ಅದ. ಅದರಾಗ ನನಗೊಂದು ಖುಷಿ ಅದ. ಖುಷಿ ಪಡೋದೂ ತಪ್ಪೇನ್ರಿ ಸರ್?’

ಖುಷಿ ಪಡುವುದು ತಪ್ಪಲ್ಲ. ಮನುಷ್ಯನು ತನ್ನ ಹತ್ಯಾರಗಳ ಸದ್ದನ್ನು ಪ್ರೀತಿಸಿಯೇ ಬಂದಿದ್ದಾನೆ. ಅದನ್ನು ಹಳಿಯುವವನು ಅರಸಿಕ. ಹುಟ್ಟಿದ ದನಿಯಲ್ಲಿ ಸಂತೋಷಪಡುವುದು ಬೇರೆ, ಆ ಸಂತೋಷಕ್ಕಾಗಿ ದನಿಯನ್ನು ಉಬ್ಬಿಸುವುದು ಬೇರೆ. ಸೈಲೆನ್ಸರನ್ನು ಕೊರೆದವನ ಗಾಡಿ ಹೆಚ್ಚು ವೇಗವಾಗಿ ಓಡುವುದಿಲ್ಲ, ಹೆಚ್ಚು ಭಾರ ಹೊರುವುದಿಲ್ಲ. ಅಲ್ಲಿ ಹೆಚ್ಚುವುದು ಸದ್ದೊಂದೇ. ಅದು ಹೇಳುವುದು ‘ಗಾಡಿ ಬರುತ್ತಿದೆ’ ಎಂದಲ್ಲ, ‘ನಾನು ಬರುತ್ತಿದ್ದೇನೆ’ ಎಂದು. ಅಷ್ಟನ್ನು ತಿಳಿಸುವುದಕ್ಕೆ ಓಣಿಯ ಹಸುಗೂಸು ಬೆಚ್ಚಿ ಏಳಬೇಕೆ? ಎದೆನೋವಿನ ಮುದುಕ ಹಾಸಿಗೆಯಲ್ಲಿ ಎದ್ದು ಕೂಡಬೇಕೆ? ನೋಡಬೇಡವೆಂದರೆ ಕಣ್ಣು ಮುಚ್ಚಬಹುದು, ಮುಖ ತಿರುಗಿಸಬಹುದು. ಕಿವಿಗೆ ಆ ಸೌಕರ್ಯವಿಲ್ಲ. ಮುಚ್ಚಲಾಗದ ಬಾಗಿಲಿನಿಂದ ಒಳಗೆ ನುಗ್ಗುವುದು ಸೌಜನ್ಯವಾಗಲಾರದು.

ಇಲ್ಲಿ ಭೌತಶಾಸ್ತ್ರದ ಒಂದು ಸಂಗತಿ ನೆನಪಿಗೆ ಬರುತ್ತದೆ. ಹತ್ತಿರ ಬರುವ ಗಾಡಿಯ ಸ್ವರ ಏರಿ, ದಾಟಿಹೋದ ಮೇಲೆ ಇಳಿಯುತ್ತದೆ. ಇದನ್ನು 1842ರಲ್ಲಿ ಡಾಪ್ಲರ್ ಎಂಬ ವಿಜ್ಞಾನಿ ವಿವರಿಸಿದ; 1845ರಲ್ಲಿ ಹಾಲೆಂಡಿನಲ್ಲಿ ರೈಲಿನ ಮೇಲೆ ಕಹಳೆಯವರನ್ನು ಕೂಡಿಸಿ ಪರೀಕ್ಷೆ ಮಾಡಿದರು. ಈ ಏರಿಳಿತ ನಿಂತವನಿಗೆ ಮಾತ್ರ ಕೇಳುತ್ತದೆ. ಗಾಡಿಯೊಳಗೆ ಕುಳಿತವನಿಗೆ ಸ್ವರ ಮೊದಲಿಂದ ಕೊನೆಯವರೆಗೆ ಒಂದೇ. ತನ್ನ ಸದ್ದು ಊರಿಗೆ ಹೇಗೆ ಕೇಳಿಸುತ್ತದೆ ಎಂಬುದು ಸದ್ದು ಮಾಡುವವನಿಗೆ ತಿಳಿಯದು. ಅದನ್ನು ತಿಳಿಯಬೇಕಾದರೆ ಅವನು ಗಾಡಿಯಿಂದಿಳಿದು ದಾರಿಯ ಬದಿಗೆ ಬಂದು ನಿಲ್ಲಬೇಕು.

ಸದ್ದನ್ನು ಆಸ್ತಿಯಾಗಿ ಮಾಡಿಕೊಳ್ಳಲು ಹೊರಟವರೂ ಇದ್ದಾರೆ. ಅಮೆರಿಕದ ಹಾರ್ಲೆ ಡೇವಿಡ್‌ಸನ್ ಗಾಡಿಗೆ ಎರಡು ಸಿಲಿಂಡರು. ನಡುವಿನ ಕೋನ 45 ಡಿಗ್ರಿ. ಎರಡೂ ಕೊಂತಗಳು ಒಂದೇ ಗೂಟಕ್ಕೆ ಕಟ್ಟಿದವು. ಅದರಿಂದ ಸಿಡಿತಗಳ ನಡುವಿನ ಅಂತರ ಒಮ್ಮೆ 315 ಡಿಗ್ರಿ, ಒಮ್ಮೆ 405 ಡಿಗ್ರಿಯಾಗಿ, ಕುಂಟುವ ಕುದುರೆಯ ಹೆಜ್ಜೆಯಂಥ ಲಯ ಹುಟ್ಟುತ್ತದೆ. ಈ ಸದ್ದು ತಮ್ಮ ಮುದ್ರೆಯೆಂದು ದಾಖಲು ಮಾಡಿಕೊಳ್ಳಲು ಆ ಕಂಪನಿ 1994ರಲ್ಲಿ ಅರ್ಜಿ ಹಾಕಿತು. ಇತರ ತಯಾರಕರು ತಕರಾರು ತೆಗೆದರು; 2000ದಲ್ಲಿ ಕಂಪನಿ ಅರ್ಜಿಯನ್ನು ಹಿಂದಕ್ಕೆ ಪಡೆಯಿತು. ಅದೇ ಬಗೆಯ ಎಂಜಿನು ಮಾಡಿದವನಿಗೆ ಅದೇ ಬಗೆಯ ಸದ್ದು ಬರುವುದು ಸಹಜ. ಅದನ್ನು ಒಬ್ಬರು ಬೇಲಿಹಾಕಿಕೊಳ್ಳುವುದು ಹೇಗೆ? ಗಾಳಿಗೆ ಬಿಟ್ಟ ಮೇಲೆ ಅದು ಕೇಳಿದವರೆಲ್ಲರ ಪಾಲು.

ನಮ್ಮ ದೇಶದ ಕಾನೂನು ಈ ದಿಕ್ಕಿನಲ್ಲಿಯೇ ಯೋಚಿಸಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಬಗೆಬಗೆಯ ಸ್ವರ ಹೊರಡಿಸುವ ಹಾರ್ನನ್ನೂ ಕರ್ಕಶವಾದ ಹಾರ್ನನ್ನೂ ನಿಷೇಧಿಸುತ್ತವೆ, ಸೈಲೆನ್ಸರ್ ಇರಲೇಬೇಕೆನ್ನುತ್ತವೆ. 2000ದ ಶಬ್ದಮಾಲಿನ್ಯ ನಿಯಮಗಳಂತೆ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ ನೂರು ಮೀಟರು ಮೌನವಲಯ. ಡೆಸಿಬಲ್ ಹತ್ತು ಏರಿದರೆ ಸದ್ದಿನ ಶಕ್ತಿ ಹತ್ತುಪಟ್ಟಾಗುತ್ತದೆ ಎಂಬುದನ್ನು ನೆನಪಿಡಬೇಕು. ಕರ್ನಾಟಕದ ಹಲವು ಊರುಗಳಲ್ಲಿ ಪೊಲೀಸರು ವಶಪಡಿಸಿಕೊಂಡ ಸೈಲೆನ್ಸರುಗಳನ್ನು ರಸ್ತೆಯ ಮೇಲೆ ಸಾಲಾಗಿಟ್ಟು ರೋಡ್ ರೋಲರ್ ಹಾಯಿಸಿದ್ದಾರೆ. ಆ ರೋಲರು ಮಾಡಿದ ಸದ್ದು ಸಣ್ಣದಾಗಿರಲಾರದು. ಆದರೆ ಅದು ಕೆಲಸದ ಸದ್ದು.

ಇಷ್ಟಾದ ಮೇಲೆ ಸದ್ದಿಲ್ಲದ ಗಾಡಿಯ ಪ್ರಶ್ನೆ. ಕಾಳಿದಾಸನ ‘ಶಾಕುಂತಲ’ದ ಏಳನೆಯ ಅಂಕದಲ್ಲಿ ದುಷ್ಯಂತನು ಇಂದ್ರನ ರಥದಲ್ಲಿ ಸ್ವರ್ಗದಿಂದ ಇಳಿದು ಬರುತ್ತಾನೆ. ರಥ ಕೆಳಗಿಳಿದದ್ದೇ ಅವನಿಗೆ ತಿಳಿಯುವುದಿಲ್ಲ. ಧೂಳೇಳಲಿಲ್ಲ, ಗಾಲಿ ಸದ್ದು ಮಾಡಲಿಲ್ಲ, ಏಕೆಂದರೆ ಅದು ನೆಲವನ್ನು ಮುಟ್ಟಿರಲೇ ಇಲ್ಲ. ದೇವತೆಗಳ ವಾಹನಕ್ಕೆ ಅದು ಒಪ್ಪುತ್ತದೆ. ಅಲ್ಲಿ ದಾರಿ ದಾಟುವ ಮುದುಕಿಯಿಲ್ಲ, ಚೆಂಡಿನ ಹಿಂದೆ ಓಡುವ ಮಗುವಿಲ್ಲ. ನೆಲದ ಮೇಲೆ ಓಡುವ ಗಾಡಿ ದೇವರಥದಂತೆ ನಿಶ್ಶಬ್ದವಾದರೆ ಆಗುವುದೇ ಬೇರೆ. ಬ್ರಿಟನ್ನಿನಲ್ಲಿ 2013ರಿಂದ 2017ರವರೆಗಿನ ಅಪಘಾತಗಳನ್ನು ಪರಿಶೀಲಿಸಿ 2024ರಲ್ಲಿ ಪ್ರಕಟವಾದ ಒಂದು ಅಧ್ಯಯನದಂತೆ, ಓಡಿದ ಪ್ರತಿ ಮೈಲಿಯ ಲೆಕ್ಕದಲ್ಲಿ ವಿದ್ಯುತ್ ಮತ್ತು ಹೈಬ್ರಿಡ್ ಕಾರುಗಳು ಪಾದಚಾರಿಗಳಿಗೆ ಡಿಕ್ಕಿ ಹೊಡೆಯುವ ಸಂಭವ ಪೆಟ್ರೋಲ್, ಡೀಸೆಲ್ ಕಾರುಗಳ ಎರಡರಷ್ಟು. ಸದ್ದೊಂದೇ ಅದಕ್ಕೆ ಕಾರಣವೆನ್ನಲಾಗದು. ಆದರೆ ಅಂಥ ಅಪಘಾತಗಳು ಊರೊಳಗೆ, ಸುತ್ತಲ ಗದ್ದಲ ಹೆಚ್ಚಿರುವಲ್ಲಿ ಹೆಚ್ಚಾಗಿದ್ದವು ಎಂಬುದು ಯೋಚಿಸಬೇಕಾದ ಮಾತು.

ಆದ್ದರಿಂದ ಯುರೋಪಿನಲ್ಲಿ 2019ರಿಂದ ಹೊಸ ಮಾದರಿಯ ವಿದ್ಯುತ್ ಕಾರುಗಳಿಗೂ, 2021ರಿಂದ ಹೊಸದಾಗಿ ಮಾರುವ ಎಲ್ಲ ವಿದ್ಯುತ್ ಕಾರುಗಳಿಗೂ ದನಿಯ ಯಂತ್ರ ಕಡ್ಡಾಯವಾಯಿತು. ಗಂಟೆಗೆ 20 ಕಿಲೋಮೀಟರಿನವರೆಗೆ ಅದು ಸದ್ದು ಮಾಡಬೇಕು. ಅದಕ್ಕೂ ಮೇಲೆ ಟಯರಿನ ಸದ್ದೇ ಸಾಕಾಗುತ್ತದೆ. 20 ಕಿಲೋಮೀಟರಿನ ವೇಗದಲ್ಲಿ 56 ಡೆಸಿಬಲ್‌ಗೆ ಕಡಿಮೆಯಾಗಬಾರದು, 75ನ್ನು ಮೀರಬಾರದು. ವೇಗ ಏರಿದಂತೆ ಸ್ವರವೂ ಏರಬೇಕು. ನಮ್ಮ ಕೇಂದ್ರ ಸರ್ಕಾರವೂ 2025ರಲ್ಲಿ ವಿದ್ಯುತ್ ಕಾರು, ಬಸ್ಸು, ಲಾರಿಗಳಿಗೆ ಇಂಥ ಯಂತ್ರವನ್ನು ಕಡ್ಡಾಯ ಮಾಡುವ ಕರಡನ್ನು ಹೊರಡಿಸಿತು. ನನ್ನ ವಿದ್ಯಾರ್ಥಿ ಅಂಜಿದ್ದು ಮಾತ್ರ ಎರಡು ಮತ್ತು ಮೂರು ಗಾಲಿಯ ಗಾಡಿಗಳಿಗೆ. ಆ ಕರಡು ಅವುಗಳವರೆಗೆ ಬಂದಿರಲಿಲ್ಲ. ನಮ್ಮ ಊರುಗಳ ಬೀದಿಯಲ್ಲಿ ತುಂಬಿರುವವು ಕಾರುಗಳಲ್ಲ, ಇವೇ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕು. ಎಂಜಿನಿಲ್ಲದ ಗಾಡಿಯಿಂದ ಎಂಜಿನಿನಂಥ ಸದ್ದು ಹೊರಡಿಸುವುದು ಸೋಗಲ್ಲವೆ? ಕೆಲಸದ ಸದ್ದು ಸತ್ಯವೆಂದು ಹೊಗಳಿದವರು ಈ ಕಟ್ಟಿದ ಸದ್ದನ್ನು ಒಪ್ಪುವುದು ಹೇಗೆ? ಮುತ್ಯಾನ ಗೆಜ್ಜೆಸರ ಇದಕ್ಕೆ ಉತ್ತರವೆಂದು ನಾನು ತಿಳಿದಿದ್ದೇನೆ. ಸದ್ದು ಒಳಗಿಂದ ಬಂತೋ ಹೊರಗೆ ಕಟ್ಟಿದ್ದೋ ಎಂಬುದರಿಂದ ಅದರ ಸತ್ಯಾಸತ್ಯ ನಿರ್ಣಯವಾಗದು. ಅದು ಯಾರಿಗೆ ಏನು ಹೇಳುತ್ತದೆ ಎಂಬುದರಿಂದ ಆಗುತ್ತದೆ. ಗಾಡಿ ನಿಧಾನವಾದಾಗ ಇಳಿಯುವ, ವೇಗವಾದಾಗ ಏರುವ, ಹತ್ತಿರ ಬಂದಾಗ ಹತ್ತಿರವೆಂದು ತಿಳಿಸುವ ಸದ್ದು ಕಟ್ಟಿದ್ದಾದರೂ ಸತ್ಯ. ಇದಕ್ಕೆ ಪ್ರತಿಯಾಗಿ ಕೆಲವು ಪೆಟ್ರೋಲ್ ಕಾರುಗಳಲ್ಲಿ ಒಳಗೆ ಕುಳಿತವನಿಗೆ ಎಂಜಿನು ಇನ್ನೂ ಬಲಶಾಲಿಯೆಂದು ತೋರಲು ಸ್ಪೀಕರಿನಿಂದ ಗರ್ಜನೆ ಹೊರಡಿಸುತ್ತಾರೆ. ಅಮೆರಿಕದ ಡಾಜ್ ಕಂಪನಿ 2022ರಲ್ಲಿ ತೋರಿಸಿದ ವಿದ್ಯುತ್ ಕಾರಿಗೆ 126 ಡೆಸಿಬಲ್ ಅಬ್ಬರವಿದೆಯೆಂದು ಹೆಮ್ಮೆಯಿಂದ ಸಾರಿತು. ಉಪಕರಣ ಒಂದೇ, ಸ್ಪೀಕರು. ಒಂದು ನಡೆದು ಹೋಗುವವನ ಪ್ರಾಣಕ್ಕಾಗಿ ಮಾತಾಡುತ್ತದೆ. ಇನ್ನೊಂದು ಕುಳಿತವನ ಹಮ್ಮಿಗಾಗಿ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನ್ಯಾಯವಲ್ಲ.

ಇಂಪಾದ ದನಿ ಕೊಟ್ಟರೆ ಎಲ್ಲ ಸರಿಹೋಗುವುದೆಂದು ಕೆಲವರ ಮತ. ಬಿಎಂಡಬ್ಲ್ಯು ಕಂಪನಿ ಹಾನ್ಸ್ ಜಿಮ್ಮರ್ ಎಂಬ ಸಿನಿಮಾ ಸಂಗೀತಗಾರನಿಂದ ತನ್ನ ವಿದ್ಯುತ್ ಕಾರಿಗೆ ದನಿ ಕಟ್ಟಿಸಿತು. ನಮ್ಮಲ್ಲಿಯೂ ಹಾರ್ನಿಗೆ ಕೊಳಲು, ತಬಲಾಗಳ ನಾದವಿರಲೆಂಬ ಸೂಚನೆ 2025ರಲ್ಲಿ ಕೇಂದ್ರದ ಸಾರಿಗೆ ಸಚಿವರಿಂದ ಬಂತು. ಕೊಳಲಿನ ಮೇಲೆ ನನಗೂ ಪ್ರೀತಿಯಿದೆ. ಆದರೆ ನೂರು ಗಾಡಿಗಳು ಸಂತೆಯ ದಿನ ನೂರು ಕೊಳಲು ಊದಿದರೆ ಕೇಳುವವನಿಗೆ ರಸಾನುಭವವೂ ಆಗದು, ಯಾವ ಗಾಡಿ ಎಲ್ಲಿದೆಯೆಂದು ತಿಳಿಯಲೂ ಆಗದು. ಎಚ್ಚರಿಕೆಗೆ ಬೇಕಾದದ್ದು ಇಂಪಿಗಿಂತ ಸ್ಪಷ್ಟತೆ.

ನಿಶ್ಶಬ್ದಕ್ಕೂ ಒಂದು ಬೆಲೆಯಿದೆ ಎಂಬುದನ್ನು ಮರೆಯಬಾರದು. ಮೌನವನ್ನೇ ಹೆಸರಾಗಿ ಉಳ್ಳ ಸಂತನಿಗೆ ಕೃಷ್ಣೆಯ ದಡದಲ್ಲಿ ಪ್ರತಿವರ್ಷ ಕೈಮುಗಿಯುವ ಸೀಮೆ ನಮ್ಮದು. ಗಾಡಿಗಳ ಗದ್ದಲ ತಗ್ಗಿ ನಮ್ಮ ಮಕ್ಕಳು ರಾತ್ರಿ ಗಾಢವಾಗಿ ನಿದ್ರಿಸುವ ಕಾಲ ಬಂದರೆ ಅದು ದೊಡ್ಡ ಲಾಭ. ಹಾಗೆಂದು ಆ ಲಾಭದ ವೆಚ್ಚವನ್ನು ಕಣ್ಣಿಲ್ಲದವನೊಬ್ಬನ ತಲೆಯ ಮೇಲೆ ಹೊರಿಸಲಾಗದು. 20 ಕಿಲೋಮೀಟರಿನ ವೇಗದೊಳಗೆ, ಮಾತಾಡುವ ಮಟ್ಟದ ಒಂದು ಸದ್ದು ಊರಿನ ಶಾಂತಿಯನ್ನು ಕೆಡಿಸದು. ಒಬ್ಬನ ಕಾಲು ಉಳಿಸಬಹುದು, ಅವನು ಮನೆಯಿಂದ ಹೊರಡುವ ಧೈರ್ಯವನ್ನೂ ಉಳಿಸಬಹುದು.

ಮೊದಲು ಕೇಳಿದ ಪ್ರಶ್ನೆಗೆ ನನಗೆ ತೋಚಿದ ಉತ್ತರವಿದು. ಗಾಡಿ ಕೊಂಡವನದು, ದನಿ ಕೇಳುವವನದು. ಸದ್ದನ್ನು ಅಳೆಯುವಾಗ ಕೇಳುವವನ ಪಕ್ಕದಲ್ಲಿ ನಿಂತು ಎರಡು ಮಾತು ವಿಚಾರಿಸಿದರೆ ಸಾಕು: ಅವನಿಗೆ ಬೇಕಾದ ಸುದ್ದಿಯನ್ನು ಈ ಸದ್ದು ನಿಜವಾಗಿ ಹೇಳುತ್ತಿದೆಯೆ? ಹೇಳುವುದಕ್ಕೆ ಬೇಕಾದದ್ದಕ್ಕಿಂತ ಹೆಚ್ಚಾಗಿ ಅವನ ಕಿವಿಯನ್ನು ಹಿಡಿದುಕೊಂಡಿದೆಯೆ? ಮೊದಲನೆಯದಕ್ಕೆ ಹೌದೆಂದೂ ಎರಡನೆಯದಕ್ಕೆ ಇಲ್ಲವೆಂದೂ ಉತ್ತರ ಬಂದರೆ ಆ ಗಾಡಿ ಬುಲೆಟ್ಟಾಗಲಿ, ಬ್ಯಾಟರಿಯದಾಗಲಿ, ದಾರಿಯಲ್ಲಿ ನಡೆಯಲು ಯೋಗ್ಯ. ನನ್ನ ವಿದ್ಯಾರ್ಥಿ ಪದವಿ ಮುಗಿಸಿ ಈಗ ಬೇರೊಂದು ಊರಿನಲ್ಲಿ ಕೆಲಸಕ್ಕಿದ್ದಾನೆ; ದಿನಕ್ಕೆರಡು ಸಲ ರಸ್ತೆ ದಾಟುತ್ತಾನೆ. ಬ್ಯಾಟರಿಯ ಟಂಟಂಗಳು ನಮ್ಮ ಬೀದಿಗಳಿಗೂ ಬರುತ್ತಿವೆ. ಜನ ಅವನ್ನೂ ಟಂಟಂ ಎಂದೇ ಕರೆಯುತ್ತಾರೆ. ಆ ಹೆಸರಿಗೆ ತಕ್ಕಷ್ಟು ದನಿಯನ್ನು ಅವಕ್ಕೆ ಕೊಡುವುದು ತಯಾರಿಸುವವರ ಮೇಲೂ ನಿಯಮ ಬರೆಯುವವರ ಮೇಲೂ ಇರುವ ಸಾಲ.